20 ಮಿಲಿಗ್ರಾಂ ಸಾಕಾ?

ನಿವೊಲುಮ್ಯಾಬ್ ಅನ್ನೋದು ಇಮ್ಯುನೊಥೆರಪಿ ಔಷಧಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವಂಥದ್ದು. ಅದರ ಚಿಕ್ಕ ಸೀಸೆಯಲ್ಲಿ ಇರೋದು 4 ಮಿ.ಲೀ. ದ್ರವ, ಅದರಲ್ಲಿ 40 ಮಿ.ಗ್ರಾಂ ಔಷಧಿ. ಲೇಬಲ್ ಪ್ರಕಾರ ಒಬ್ಬ ರೋಗಿಗೆ ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ ಹೋಗಬೇಕು, ಅಂದರೆ ಇಂಥ ಆರು ಸೀಸೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ವಿಜಯ್ ಪಾಟೀಲ್, ಡಾ. ವನಿತಾ ನರೋನ್ಹಾ, ಡಾ. ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ತಮ್ಮ ಪ್ರಯೋಗದಲ್ಲಿ ಕೊಟ್ಟಿದ್ದು ಮೂರು ವಾರಕ್ಕೊಮ್ಮೆ 20 ಮಿ.ಗ್ರಾಂ. ಅರ್ಧ ಸೀಸೆ. ಆರು ವಾರಕ್ಕೆ ಲೆಕ್ಕ ಹಾಕಿ ನೋಡಿ: 720 ಮಿ.ಗ್ರಾಂ ಎಲ್ಲಿ, 40 ಎಲ್ಲಿ. ಹದಿನೆಂಟರಲ್ಲಿ ಒಂದು ಪಾಲು.

ಇದನ್ನು ಕನ್ನಡದಲ್ಲಿ ವಿವರವಾಗಿ ಬರೆಯಲೇಬೇಕು ಅನ್ನಿಸಿದ್ದು ಯಾಕೆ ಅಂದರೆ, ಬಾಯಿ ಕ್ಯಾನ್ಸರ್ ನಮ್ಮ ಮನೆಬಾಗಿಲ ಕಾಯಿಲೆ. ಗುಟ್ಕಾ, ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆ, ಬೀಡಿ. ಕೆನ್ನೆಯ ಒಳಪದರದಲ್ಲೋ ಒಸಡಿನಲ್ಲೋ ಹುಣ್ಣಾಗಿ, ಅದು ವಾಸಿಯಾಗದೆ, ಆಸ್ಪತ್ರೆಗೆ ಬರುವಷ್ಟರಲ್ಲಿ ಎಷ್ಟೋ ಜನಕ್ಕೆ ಆಪರೇಷನ್ ಹಂತ ದಾಟಿರುತ್ತದೆ. ಆಗ ಯಾರೋ 'ಇಮ್ಯುನೊಥೆರಪಿ' ಅಂತಾರೆ. ಮನೆಯವರು ಬೆಲೆ ಕೇಳಿ ಹೊಲದ ಪಹಣಿ ಹುಡುಕೋಕೆ ಶುರು ಮಾಡ್ತಾರೆ, ಇಲ್ಲಾ ಕೈಚೆಲ್ಲಿ ಕೂರ್ತಾರೆ. ಈ ಎರಡರ ನಡುವೆ ಮೂರನೇ ದಾರಿ ಇದೆಯಾ ಅಂತ ವಿಜ್ಞಾನದ ಕಟ್ಟುನಿಟ್ಟಿನಲ್ಲೇ ಹುಡುಕಿದ ಕೆಲಸ ಇದು.

ಪ್ರಯೋಗದ ವಿವರ ಹೀಗಿದೆ. ತಲೆ-ಕತ್ತಿನ ಕ್ಯಾನ್ಸರ್ ಮುಂದುವರಿದು, ಪೂರ್ತಿ ಗುಣ ಮಾಡುವ ಉದ್ದೇಶದ ಚಿಕಿತ್ಸೆ ಸಾಧ್ಯವಿಲ್ಲದ 151 ಜನ. ಎರಡೂ ಗುಂಪಿಗೆ ಮೂರು ಬಗೆಯ ಮಾತ್ರೆ ಸಮಾನ: ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 9 ಮಿ.ಗ್ರಾಂ, ಸೆಲೆಕಾಕ್ಸಿಬ್ 200 ಮಿ.ಗ್ರಾಂ ದಿನಕ್ಕೆ ಎರಡು ಸಲ. ಎರ್ಲೊಟಿನಿಬ್ 150 ಮಿ.ಗ್ರಾಂ ದಿನಕ್ಕೊಂದು. ಒಂದು ಗುಂಪಿಗೆ ಮಾತ್ರ ಇದರ ಜೊತೆಗೆ 20 ಮಿ.ಗ್ರಾಂ ನಿವೊಲುಮ್ಯಾಬ್. ಯಾರು ಯಾವ ಗುಂಪು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿತ್ತು. ವರ್ಷ ತುಂಬಿದಾಗ ಬರೀ ಮಾತ್ರೆಯ ಗುಂಪಿನಲ್ಲಿ ಬದುಕಿದ್ದವರು ಶೇ. 16.3. ನಿವೊಲುಮ್ಯಾಬ್ ಸೇರಿದ ಗುಂಪಿನಲ್ಲಿ ಶೇ. 43.4. ಮೀಡಿಯನ್ ಆಯುಷ್ಯ 6.7 ತಿಂಗಳಿದ್ದದ್ದು 10.1 ಆಯಿತು. ತೀವ್ರ ಅಡ್ಡಪರಿಣಾಮ ಮೊದಲ ಗುಂಪಿನಲ್ಲಿ ಶೇ. 50, ಎರಡನೆಯದರಲ್ಲಿ ಶೇ. 46.1, ಅಂದರೆ ಔಷಧಿ ಸೇರಿಸಿದ್ದಕ್ಕೆ ಅದು ಏರಲಿಲ್ಲ. 2023ರ ಜನವರಿಯಲ್ಲಿ ಇದು ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿಯಲ್ಲಿ ಅಚ್ಚಾಯಿತು.

ಮೂರೂವರೆ ತಿಂಗಳಷ್ಟೇನಾ ಅಂತ ಕೇಳುವವರಿಗೆ ಒಂದು ಮಾತು. ಮೀಡಿಯನ್ ಅಂದರೆ ಸಾಲಿನ ನಡುವೆ ನಿಂತವರ ಲೆಕ್ಕ. ಇಮ್ಯುನೊಥೆರಪಿಯಲ್ಲಿ ಹಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಬಹಳ ಒಳ್ಳೆಯದಾಗುತ್ತದೆ. ಅದಕ್ಕೇ ವರ್ಷದ ಲೆಕ್ಕದಲ್ಲಿ ನೂರಕ್ಕೆ 16 ಇದ್ದದ್ದು 43 ಆಗಿದೆ ಅನ್ನೋದನ್ನು ನಾನು ಮೊದಲು ನೋಡುತ್ತೇನೆ.

ಇಷ್ಟು ಕಡಿಮೆ ಔಷಧಿ ಹೇಗೆ ಕೆಲಸ ಮಾಡುತ್ತೆ? ನಮ್ಮ ಟಿ ಕೋಶಗಳ (ಕಾಯಿಲೆಯ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಮೇಲೆ ಪಿಡಿ-1 ಅನ್ನೋ ಪ್ರೋಟೀನ್ ಇರುತ್ತದೆ. ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಕಂಡುಹಿಡಿದದ್ದು. ಅದು ಬ್ರೇಕ್ ಅಂತ ತೋರಿಸಿದ ಕೆಲಸಕ್ಕೆ ಅವರಿಗೆ 2018ರ ನೊಬೆಲ್ ಬಂತು. ಗೆಡ್ಡೆಯ ಕೋಶ ಈ ಬ್ರೇಕ್ ಮೇಲೆ ಕಾಲಿಟ್ಟು ಟಿ ಕೋಶವನ್ನು ಸುಮ್ಮನಾಗಿಸುತ್ತದೆ. ನಿವೊಲುಮ್ಯಾಬ್ ಹೋಗಿ ಪಿಡಿ-1 ಮೇಲೆ ತಾನೇ ಕೂತುಬಿಡುತ್ತದೆ, ಗೆಡ್ಡೆಗೆ ಕಾಲಿಡಲು ಜಾಗ ಸಿಗೋದಿಲ್ಲ. ಬಸ್ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ. ಐವತ್ತು ಸೀಟಿಗೆ ಐವತ್ತು ಟವೆಲ್ ಬಿದ್ದ ಮೇಲೆ ಇನ್ನೂ ಐನೂರು ಟವೆಲ್ ತಂದರೆ ಸೀಟು ಹೆಚ್ಚಾಗುತ್ತದಾ?

ಕೀಮೋ ಔಷಧಿಯ ತರ್ಕ ಬೇರೆ. ಅಲ್ಲಿ ಹೆಚ್ಚು ಕೊಟ್ಟಷ್ಟೂ ಹೆಚ್ಚು ಕೋಶ ಸಾಯುತ್ತವೆ, ದೇಹ ತಡೆಯುವ ಮಿತಿಯೇ ಡೋಸ್. ಆ ಅಭ್ಯಾಸವನ್ನೇ ನಿವೊಲುಮ್ಯಾಬ್‌ನಂಥ ಆ್ಯಂಟಿಬಾಡಿಗೂ (ಗುರಿಗೆ ಹೋಗಿ ಅಂಟಿಕೊಳ್ಳುವ ಪ್ರೋಟೀನ್) ಎಳೆದು ತಂದರು ಅನ್ನೋದು ನನ್ನ ತಕರಾರು. ನಿವೊಲುಮ್ಯಾಬ್‌ನ ಮನುಷ್ಯರ ಮೇಲಿನ ಮೊದಲ ಪರೀಕ್ಷೆಯಲ್ಲಿ (ಅದರ ಫಲಿತಾಂಶ 2010ರಲ್ಲೇ ಬಂದಿದೆ) ಕಿಲೋ ತೂಕಕ್ಕೆ 0.3ರಿಂದ 10 ಮಿ.ಗ್ರಾಂವರೆಗೆ ಕೊಟ್ಟು ನೋಡಿದ್ದರು. ರಕ್ತದ ಟಿ ಕೋಶಗಳಲ್ಲಿ ಶೇ. 70ಕ್ಕಿಂತ ಹೆಚ್ಚು ಪಿಡಿ-1 ಸೀಟುಗಳು ಒಂದೇ ಡೋಸ್‌ಗೆ ಎರಡು ತಿಂಗಳವರೆಗೂ ಭರ್ತಿಯಾಗಿದ್ದವು. ಡೋಸ್ ಏರಿಸಿದ್ದಕ್ಕೆ ಅದು ಏರಲಿಲ್ಲ. ಈಗ 60 ಕಿಲೋ ತೂಕದವರಿಗೆ ಕಿಲೋಗೆ 0.3ರಂತೆ ಲೆಕ್ಕ ಹಾಕಿ: 18 ಮಿ.ಗ್ರಾಂ. ಟಾಟಾದವರ 20 ಗಾಳಿಯಲ್ಲಿ ಹಿಡಿದ ಸಂಖ್ಯೆಯಲ್ಲ. ಔಷಧಿಯ ಅರ್ಧಾಯುಷ್ಯವೂ (ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಕಾಲ) ಸುಮಾರು 25 ದಿನ, ಮೂರು ವಾರದ ಅಂತರಕ್ಕೆ ತೊಂದರೆಯಿಲ್ಲ.

ಎದುರು ವಾದವೂ ಗಟ್ಟಿಯಾಗೇ ಇದೆ. ರಕ್ತದಲ್ಲಿ ಸೀಟು ತುಂಬಿದ ಮಾತ್ರಕ್ಕೆ ಗೆಡ್ಡೆಯ ಒಳಗೂ ತುಂಬಿದೆ ಅಂತಲ್ಲ. ಅಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ, ಒತ್ತಡ ಹೆಚ್ಚು, ಔಷಧಿ ಸರಿಯಾಗಿ ಇಳಿಯೋದಿಲ್ಲ. ಕಿಡ್ನಿ ಕ್ಯಾನ್ಸರ್‌ನ 168 ರೋಗಿಗಳಿಗೆ ಮೂರು ವಾರಕ್ಕೊಮ್ಮೆ ಕಿಲೋಗೆ 0.3, 2 ಮತ್ತು 10 ಮಿ.ಗ್ರಾಂ ಕೊಟ್ಟ ಪ್ರಯೋಗದಲ್ಲಿ ಕಾಯಿಲೆ ಮುಂದುವರಿಯದೆ ನಿಂತ ಕಾಲದಲ್ಲಿ ಡೋಸ್‌ಗೆ ತಕ್ಕ ವ್ಯತ್ಯಾಸ ಸಾಬೀತಾಗಲಿಲ್ಲ, ಆದರೆ ಮೀಡಿಯನ್ ಆಯುಷ್ಯ 18.2, 25.5, 24.7 ತಿಂಗಳು ಬಂತು. ಗುಂಪುಗಳು ಚಿಕ್ಕವು, ಹೌದು. ಆದರೂ ಆ 18.2 ಕಣ್ಣಿಗೆ ಚುಚ್ಚುತ್ತದೆ, ಅದನ್ನು ಮುಚ್ಚಿಡಬಾರದು. ಮುಂಬೈ ಪ್ರಯೋಗದಲ್ಲಿ ಪೂರ್ತಿ ಡೋಸ್ ಪಡೆದ ಗುಂಪು ಇರಲೇ ಇಲ್ಲ ಅನ್ನೋದನ್ನೂ ಹೇಳಬೇಕು. 20 ಮಿ.ಗ್ರಾಂ ಸೇರಿಸಿದರೆ ಏನೂ ಸೇರಿಸದೆ ಇರುವುದಕ್ಕಿಂತ ಒಳ್ಳೆಯದು ಅಂತ ಅದು ತೋರಿಸಿದೆ. 240ಕ್ಕೆ 20 ಸಮ ಅಂತ ತೋರಿಸಿಲ್ಲ. ಹಾಗಾಗಿ ಪೂರ್ತಿ ಡೋಸ್ ಭರಿಸಬಲ್ಲವರಿಗೆ 'ಅದು ಬೇಡ, ಇದೇ ಸಾಕು' ಅನ್ನುವಷ್ಟು ಪುರಾವೆ ಇನ್ನೂ ನಮ್ಮ ಕೈಯಲ್ಲಿಲ್ಲ. ಎರಡು ಡೋಸ್‌ಗಳನ್ನು ಎದುರುಬದುರು ನಿಲ್ಲಿಸುವ ದೊಡ್ಡ ಪರೀಕ್ಷೆ ಆಗಬೇಕು. ತನ್ನ ಮಾರಾಟವನ್ನೇ ಹದಿನೆಂಟನೇ ಒಂದಕ್ಕೆ ಇಳಿಸುವ ಪರೀಕ್ಷೆಗೆ ಯಾವ ಕಂಪನಿಯೂ ದುಡ್ಡು ಹಾಕುವುದಿಲ್ಲ. ಸರ್ಕಾರದ ದುಡ್ಡೇ ಬೇಕು.

ಈಗ ಔಷಧಿ ಕಲಸುವ ಕೋಣೆಗೆ ಬನ್ನಿ. ಕಡಿಮೆ ಡೋಸ್ ಸೋಲುವುದಾದರೆ ಇಲ್ಲೇ ಸೋಲುತ್ತದೆ ಅಂತ ನನಗೆ ಖಾತ್ರಿ.

20 ಮಿ.ಗ್ರಾಂ ಅಂದರೆ 2 ಮಿ.ಲೀ. ಲೇಬಲ್ ಪ್ರಕಾರ ಸಲೈನ್‌ನಲ್ಲಿ ಬೆರೆಸಿದ ಮೇಲೆ ಪ್ರತಿ ಮಿ.ಲೀ.ಗೆ ಕನಿಷ್ಠ 1 ಮಿ.ಗ್ರಾಂ ಇರಬೇಕು. ಅಲ್ಲಿಗೆ ಒಟ್ಟು ದ್ರವ 20 ಮಿ.ಲೀ. ದಾಟುವಂತಿಲ್ಲ. ರೂಢಿಯಂತೆ 100 ಮಿ.ಲೀ. ಬಾಟಲಿಗೆ ಚುಚ್ಚಿಬಿಟ್ಟರೆ ಲೇಬಲ್ ಹೇಳಿದ್ದಕ್ಕಿಂತ ಐದು ಪಟ್ಟು ತೆಳುವಾಗುತ್ತದೆ. ಇನ್ನು ಸಾಮಾನ್ಯ ಡ್ರಿಪ್ ಸೆಟ್ಟಿನ ನಳಿಕೆ ತುಂಬೋಕೇ ಸುಮಾರು 15-20 ಮಿ.ಲೀ. ಬೇಕು. ನೋಡಿ, ಇಡೀ ಡೋಸ್ ನಳಿಕೆಯಲ್ಲೇ ನಿಂತುಬಿಡಬಹುದು! 240 ಮಿ.ಗ್ರಾಂ ಹಾಕುವಾಗ ನಳಿಕೆಯಲ್ಲಿ ಸ್ವಲ್ಪ ಉಳಿದರೆ ಅದು ಸಣ್ಣ ನಷ್ಟ. ಇಲ್ಲಿ ಸೆಟ್ ಕಿತ್ತು ಕಸದ ಬುಟ್ಟಿಗೆ ಹಾಕಿದರೆ ರೋಗಿಯ ಮೂರು ವಾರದ ಚಿಕಿತ್ಸೆಯನ್ನೇ ಹಾಕಿದಂತೆ. ಅದಕ್ಕೆ ಮೊದಲು ಬರೀ ಸಲೈನ್‌ನಲ್ಲಿ ನಳಿಕೆ ತುಂಬಿ, ಆಮೇಲೆ ಔಷಧಿ ಹರಿಸಿ, ಕೊನೆಗೆ ಮತ್ತೆ ಸಲೈನ್ ಬಿಟ್ಟು ತೊಳೆಯಬೇಕು. ಔಷಧಿ 30 ನಿಮಿಷದಲ್ಲಿ ಹೋಗಬೇಕು, ದಾರಿಯಲ್ಲಿ ಪ್ರೋಟೀನ್ ಅಂಟಿಕೊಳ್ಳದ ಫಿಲ್ಟರ್ ಇರಬೇಕು. ಸೀಸೆಯನ್ನು ಕುಲುಕಬಾರದು, ಪ್ರೋಟೀನ್ ನೊರೆಯಾಗಿ ಗಂಟು ಕಟ್ಟುತ್ತದೆ. ಮೆಲ್ಲಗೆ ಹೊರಳಿಸಿದರೆ ಸಾಕು.

ಸೀಸೆಯಲ್ಲಿ ಉಳಿದ ಇನ್ನೊಂದು 20 ಮಿ.ಗ್ರಾಂ ಏನಾಗಬೇಕು? ಇದರಲ್ಲಿ ಕೆಡದಂತೆ ತಡೆಯುವ ರಾಸಾಯನಿಕ ಇಲ್ಲ. ರಬ್ಬರ್ ಮುಚ್ಚಳಕ್ಕೆ ಸೂಜಿ ಇಳಿದ ಮೇಲೆ ಫ್ರಿಜ್‌ನಲ್ಲಿಟ್ಟು ಮೂರು ವಾರ ಬಿಟ್ಟು ಅದೇ ರೋಗಿಗೆ ಕೊಡುವುದು ಸೋಂಕಿಗೆ ಆಹ್ವಾನ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ. ಸರಿಯಾದ ದಾರಿ ಅಂದರೆ ಒಂದೇ ದಿನ ಇಬ್ಬರು ರೋಗಿಗಳನ್ನು ಕರೆಸಿ, ಸ್ವಚ್ಛ ಗಾಳಿಯ ಹುಡ್ ಒಳಗೆ ಒಂದು ಸೀಸೆಯಿಂದ ಎರಡು ಡೋಸ್ ತೆಗೆಯೋದು. 100 ಮಿ.ಗ್ರಾಂ ಸೀಸೆಯಾದರೆ ಐದು ಜನ. ಇದಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿದರೆ ಜಿಲ್ಲಾ ಮಟ್ಟದ ಕೇಂದ್ರದಲ್ಲೂ ಸಾಧ್ಯ. ಸರ್ಕಾರಿ ವಿಮಾ ಯೋಜನೆಗಳು ದರ ಕಟ್ಟುವಾಗ ಸೀಸೆ ಎಣಿಸದೆ ಬಳಸಿದ ಮಿಲಿಗ್ರಾಂ ಎಣಿಸಿದರೆ ಆಸ್ಪತ್ರೆಗಳೂ ಈ ಶಿಸ್ತಿಗೆ ಬರುತ್ತವೆ.

ಮನೆಯಲ್ಲಿ ನಡೆಯುವ ತಪ್ಪುಗಳಲ್ಲಿ ಅತಿ ಅಪಾಯದ್ದು ಮೆಥೊಟ್ರೆಕ್ಸೇಟ್. ವಾರಕ್ಕೊಮ್ಮೆಯ ಮಾತ್ರೆಯನ್ನು ದಿನಾ ನುಂಗಿದರೆ ಬಾಯಿತುಂಬ ಹುಣ್ಣೆದ್ದು, ರಕ್ತಕಣ ಕುಸಿದು ಪ್ರಾಣವೇ ಹೋಗಬಹುದು. 1.5 ಚದರ ಮೀಟರ್ ದೇಹಕ್ಕೆ ಲೆಕ್ಕ 13.5 ಮಿ.ಗ್ರಾಂ, ಅಂದರೆ 2.5ರ ಐದಾರು ಮಾತ್ರೆ ಒಂದೇ ದಿನ. 'ಐದು ಮಾತ್ರೆ ಅಂದ್ರು, ದಿನಕ್ಕೊಂದು ಇರಬೇಕು' ಅಂತ ಮನೆಯವರು ತಿಳಿದರೆ ಮುಗೀತು. ಚೀಟಿ ಮೇಲೆ ವಾರದ ಹೆಸರನ್ನೇ ಕನ್ನಡದಲ್ಲಿ ಬರೆಸಿಕೊಳ್ಳಿ: ಸೋಮವಾರ ಮಾತ್ರ. ಇದರ ಜೊತೆ ಕೊ-ಟ್ರೈಮಾಕ್ಸಜೋಲ್ ಆ್ಯಂಟಿಬಯೋಟಿಕ್ ಬೀಳಬಾರದು, ಎರಡೂ ಸೇರಿ ರಕ್ತಕಣ ಹುಟ್ಟುವ ಮೂಳೆಮಜ್ಜೆಯನ್ನು ಹಿಂಡುತ್ತವೆ. ಮೂಗಿನ ನಳಿಕೆಯಿಂದ ಕೊಡಲು ಮೆಥೊಟ್ರೆಕ್ಸೇಟ್ ಪುಡಿ ಮಾಡುವುದಾದರೆ ಕೈಗವಸು ಹಾಕಿ. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು.

ಎರ್ಲೊಟಿನಿಬ್ ಖಾಲಿ ಹೊಟ್ಟೆಗೆ: ಊಟಕ್ಕೆ ಒಂದು ತಾಸು ಮೊದಲು ಅಥವಾ ಎರಡು ತಾಸು ಆದ ಮೇಲೆ. ಸೆಲೆಕಾಕ್ಸಿಬ್‌ನಿಂದ ಹೊಟ್ಟೆ ಉರಿಯುತ್ತೆ ಅಂತ ಮೆಡಿಕಲ್ ಶಾಪ್‌ನಲ್ಲಿ ಪ್ಯಾಂಟೊಪ್ರಜೋಲ್ ಕೇಳಿ ತಂದು ನುಂಗುವುದು ಬಹಳ ಸಾಮಾನ್ಯ. ಆದರೆ ಹೊಟ್ಟೆಯ ಆಮ್ಲ ಕಡಿಮೆಯಾದರೆ ಎರ್ಲೊಟಿನಿಬ್ ಸರಿಯಾಗಿ ರಕ್ತ ಸೇರುವುದಿಲ್ಲ. ಬೀಡಿ ಸೇದುತ್ತಿದ್ದರೂ ಅದರ ಮಟ್ಟ ಇಳಿಯುತ್ತದೆ.

ಭೇದಿ ಶುರುವಾದರೆ ಯೋಚನೆ ಬೇಕು. ಎರ್ಲೊಟಿನಿಬ್‌ನಿಂದಲೂ ಭೇದಿ ಬರುತ್ತದೆ, ಅದಕ್ಕೆ ಮಾತ್ರೆ ನಿಲ್ಲಿಸಿ ಲೋಪೆರಮೈಡ್ ಕೊಟ್ಟರೆ ಸಾಕಾಗಬಹುದು. ನಿವೊಲುಮ್ಯಾಬ್‌ನಿಂದ ಎಚ್ಚೆತ್ತ ಟಿ ಕೋಶಗಳು ಕರುಳಿನ ಮೇಲೇ ಬಿದ್ದು ಭೇದಿಯಾದರೆ ಲೋಪೆರಮೈಡ್ ಕೊಟ್ಟು ಕಾಯುವುದು ತಪ್ಪು. ಕಿಲೋಗೆ 1-2 ಮಿ.ಗ್ರಾಂ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) ಬೇಕು, ಅದನ್ನು ಕನಿಷ್ಠ ನಾಲ್ಕು ವಾರ ಹಂತಹಂತವಾಗಿ ಇಳಿಸಬೇಕು. ರಕ್ತ, ಲೋಳೆ, ಹೊಟ್ಟೆನೋವು ಇದ್ದರೆ ಎರಡನೆಯದನ್ನೇ ಮೊದಲು ಅನುಮಾನಿಸಬೇಕು. ಒಣಕೆಮ್ಮು, ಏದುಸಿರು ಬಂದರೂ ಹೀಗೇ, ಎರಡು ಔಷಧಿಗೂ ಶ್ವಾಸಕೋಶ ಕೆಡಿಸುವ ಗುಣ ಇದೆ. ಥೈರಾಯ್ಡ್ ಮೆಲ್ಲಗೆ ನಿಂತುಹೋಗುವುದು ಇನ್ನೊಂದು. ಸುಸ್ತನ್ನು ಕ್ಯಾನ್ಸರ್ ತಲೆಗೆ ಕಟ್ಟಿ ಟಿಎಸ್‌ಎಚ್ ಪರೀಕ್ಷೆ ಮಾಡಿಸದೇ ಬಿಡುತ್ತಾರೆ. ಡೋಸ್ ಕಡಿಮೆ ಅಂತ ಇವು ಬರುವುದಿಲ್ಲ ಅಂದುಕೊಳ್ಳಬೇಡಿ. ಸೀಟು ತುಂಬಿದ ಮೇಲೆ ಬ್ರೇಕ್ ಬಿಟ್ಟಂತೆಯೇ ಲೆಕ್ಕ.

ಇಂಜೆಕ್ಷನ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು. ಆಗ ರೋಗಿ ಊರಲ್ಲಿರುತ್ತಾರೆ, ಹೋಗುವುದು ಪಕ್ಕದ ಕ್ಲಿನಿಕ್‌ಗೆ, ಅಲ್ಲಿ ಸಿಗುವುದು ಗ್ಲೂಕೋಸ್ ಮತ್ತು ಆ್ಯಂಟಿಬಯೋಟಿಕ್. ಅದಕ್ಕೆ ಜೇಬಿನಲ್ಲಿ, ಆಧಾರ್ ಕಾರ್ಡಿನ ಜೊತೆ, ಒಂದು ಚೀಟಿ ಇರಲಿ: 'ನನಗೆ ನಿವೊಲುಮ್ಯಾಬ್ ಕೊಟ್ಟಿದ್ದಾರೆ. ಕೊನೆಯ ಡೋಸ್ ಇಂಥ ದಿನ. ಭೇದಿ, ಉಸಿರಾಟದ ತೊಂದರೆ, ಕಾಮಾಲೆ ಇದ್ದರೆ ಈ ನಂಬರಿಗೆ ಫೋನ್ ಮಾಡಿ.' ಕೆಳಗೆ ನಿಮ್ಮ ಕ್ಯಾನ್ಸರ್ ಡಾಕ್ಟರ ನಂಬರ್ ಬರೆಸಿಕೊಳ್ಳಿ. ಮುಂದಿನ ಸಲ ಇಂಜೆಕ್ಷನ್‌ಗೆ ಹೋದಾಗಲೇ, ಡ್ರಿಪ್ ಇಳಿಯುವ ಆ ಅರ್ಧ ಗಂಟೆಯಲ್ಲಿ.