ಗುಜರಿಗೆ ಹಾಕುವ ಮೊದಲು

ಹಳೆಯ ಆಸಿಲೋಸ್ಕೋಪಿಗೆ (ವಿದ್ಯುತ್ ಸಿಗ್ನಲ್ಲಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಬಿಡಿಭಾಗ ಸಿಗಲ್ಲ, ಗುಜರಿಗೆ ಹಾಕುವುದೇ ಲೇಸು ಅಂತ ನಿಮ್ಮ ಲೇಖನದಲ್ಲಿದೆ. ದಯವಿಟ್ಟು ಹಾಗೆ ಬರೆಯಬೇಡಿ. ಸಾಮಾನ್ಯವಾಗಿ ಕೆಡುವುದು ಪವರ್ ಸಪ್ಲೈಯಲ್ಲಿ ಚಾರ್ಜ್ ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು, ಶಾರ್ಟ್ ಆದ ಟ್ಯಾಂಟಲಮ್ ಕೆಪಾಸಿಟರ್‌ಗಳು. ಇವಕ್ಕೆ ಹಳೇ ಕಂಪನಿಯ ಮಾಲೇ ಬೇಕಿಲ್ಲ, ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಬಿಸಿ ತಡೆಯುವಂಥದ್ದು ಅಂತಲೇ ಕೇಳಿ ಹೊಸದು ತನ್ನಿ. ಮೈಕ್ರೊಫ್ಯಾರಡ್ (ಕೆಪಾಸಿಟರಿನ ಅಳತೆ) ಹಳೆಯದಕ್ಕೆ ಹೊಂದಬೇಕು, ವೋಲ್ಟೇಜ್ ಮೊದಲಿನಷ್ಟೇ ಅಥವಾ ತುಸು ಹೆಚ್ಚಿರಲಿ. ಕಾಲುಗಳ ಅಂತರ ಅಳೆದುಕೊಂಡೇ ಹೋಗಿ.

ಟೆಕ್ಟ್ರಾನಿಕ್ಸ್ ಕಂಪನಿಯ 465ರಂಥ ಹಳೇ ಆಸಿಲೋಸ್ಕೋಪಿನಲ್ಲಿ ನಿಜವಾದ ಕಷ್ಟ ಬೇರೆ: ಕಂಪನಿ ತನಗಾಗಿಯೇ ಮಾಡಿಕೊಂಡ, 155ರಿಂದ ಶುರುವಾಗುವ ನಂಬರಿನ ಐಸಿ ಚಿಪ್ಪುಗಳು, ಮತ್ತೆ ಸಿಆರ್‌ಟಿ, ಅಂದರೆ ಪಿಕ್ಚರ್ ಟ್ಯೂಬ್. ಅವು ಹೆಚ್ಚಾಗಿ ಇನ್ನೊಂದು ಕೆಟ್ಟ 465ರಿಂದಲೇ ಬರಬೇಕು. ಕಾಲೇಜು ಲ್ಯಾಬಿನವರೇ, ಅದಕ್ಕೇ ಕೇಳಿಕೊಳ್ಳುತ್ತೇನೆ, ಸತ್ತ ಮೆಷಿನ್ನುಗಳನ್ನು ತೂಕದ ಲೆಕ್ಕದಲ್ಲಿ ಮಾರಬೇಡಿ. ರಿಪೇರಿ ಮಾಡುವವರಿಗೆ ಕೊಡಿ, ಸರ್ವಿಸ್ ಮ್ಯಾನುಯಲ್ ಸಮೇತ.