ಉಬ್ಬಿದ ಕಡೆ ಮಾತ್ರ ಹಚ್ಚಿರಿ

ಫೋನ್ ತೆರೆದರೆ ಸಾಕು, ಯಾರೋ ಒಬ್ಬ ಹುಡುಗಿ ಕಿಟಕಿ ಬೆಳಕಿಗೆ ಕೆನ್ನೆ ತಿರುವಿ ತಿರುವಿ ತೋರಿಸುತ್ತಿರುತ್ತಾಳೆ. ಮುನ್ನೂರು ರೂಪಾಯಿಯೊಳಗೆ ಮೂರು ಸಾವಿರದ ಹೊಳಪಂತೆ. ಮುಖಕ್ಕೆ ಹಚ್ಚುವ ಹೊಳಪು, ಹೈಲೈಟರ್. ನೀವೂ ನೋಡಿರುತ್ತೀರಿ, ಬೇಡವೆಂದರೂ ಬರುತ್ತದೆ. ನಮ್ಮ ಅಕ್ಕನ ಮಗಳು ಒಂದು ತರಿಸಿಯೇಬಿಟ್ಟಳು. ‘ಮಾಮಾ, ನಿನ್ನ ಮಾರಿಗೂ ಒಂದೀಟು ಹಚ್ತೀನಿ ತಡಿ’ ಅಂದಳು. ಬಳ್ಳಾರಿಯ ಬಿಸಿಲಲ್ಲಿ ಐವತ್ತು ದಾಟಿದ ಮುಖ, ಇನ್ನು ಹಾಳಾಗುವುದೇನಿದೆ? ಕೂತೆ.

ಹಚ್ಚುವುದಕ್ಕೊಂದು ಶಾಸ್ತ್ರವಿದೆ. ಮುಖದಲ್ಲಿ ಉಬ್ಬಿದ ಕಡೆ ಮಾತ್ರ: ಕೆನ್ನೆಯ ಎಲುಬು, ಮೂಗಿನ ದಿಂಡು, ಹುಬ್ಬಿನ ಕೆಳಗೆ. ತಗ್ಗಿಗೆ ಹಚ್ಚಬಾರದು. ಇದು ಗೊತ್ತಾದದ್ದೇ ತಡ, ಊರಿನ ರಸ್ತೆ ಮಾಡುವವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಪಾಪ, ಅವರು ಶಾಸ್ತ್ರ ಬಲ್ಲವರು. ಸರ್ಕಲ್ಲಿಗೆ ಕಾರಂಜಿ, ಡಿವೈಡರಿಗೆ ಬಣ್ಣ, ಕಂಬಕ್ಕೆ ಸುತ್ತಿದ ದೀಪದ ಸರ. ತಗ್ಗು ಮಾತ್ರ ಮುಟ್ಟುವುದಿಲ್ಲ. ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ನೋಡಿಕೊಂಡು ಹಚ್ಚಬೇಕಂತೆ. ಮಂತ್ರಿಗಳ ಕಾರು ಯಾವ ಕಡೆಯಿಂದ ಬರುತ್ತದೆಂದು ಇವರೂ ನೋಡಿಕೊಂಡೇ ಹಚ್ಚುತ್ತಾರೆ.

ಇನ್ನೊಂದು ಗುಣ, ಚೆನ್ನಾಗಿ ಬೆರೆಯಬೇಕು. ಎಲ್ಲಿ ಶುರು, ಎಲ್ಲಿ ಮುಗೀತು ಎಂದು ಗೆರೆ ಕಾಣಬಾರದು. ಇದರಲ್ಲಿ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳುವುದು ಬೇಡ. 2010ರಲ್ಲಿ ಉತ್ತರ ಕನ್ನಡದ ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ನಮ್ಮ ಗಣಿಗಳ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಕಳ್ಳತನದಲ್ಲಿ ಹಡಗು ಹತ್ತಿ ಅರಬ್ಬೀ ಸಮುದ್ರದಲ್ಲಿ ಎಷ್ಟು ನುಣ್ಣಗೆ ಬೆರೆಯಿತೆಂದರೆ, ಕಾವಲಿದ್ದವರಿಗೂ ಗೆರೆ ಕಾಣಲಿಲ್ಲ. ಆ ಕಾಲದ ಕೆಲವು ಕೆನ್ನೆಗಳು ಇನ್ನೂ ಹೊಳೆಯುತ್ತಿವೆ. ಯಾವ ಕಂಪನಿಯ ಮಾಲೂ ಅಷ್ಟು ವರ್ಷ ಬಾಳಿಕೆ ಬರುವುದಿಲ್ಲ, ಬಿಡಿ.

ಹುಡುಗಿ ನನ್ನ ಮೂಗಿನ ಮೇಲೆ ಬ್ರಷ್ ಆಡಿಸುತ್ತಿರುವಾಗ ನಾನು ಡಬ್ಬಿಯ ಹಿಂದೆ ಬರೆದದ್ದನ್ನು ಓದುತ್ತಿದ್ದೆ. ಮೈಕಾ (ನಮ್ಮ ಅಭ್ರಕ), ಟೈಟಾನಿಯಂ ಡೈಆಕ್ಸೈಡ್, ಸಿಐ 77491. ಕೊನೆಯದನ್ನು ಹುಡುಕಿ ನೋಡಿದೆ. ಐರನ್ ಆಕ್ಸೈಡ್, ಕೆಂಪು. ಅಯ್ಯೋ ದೇವರೇ! ಸಂಡೂರು ಗುಡ್ಡದ ಹೆಮಟೈಟ್ ಅದಿರೂ ಅದೇ ತಾನೇ? ನಮ್ಮ ಬೈಕಿನ ಸೀಟಿನ ಮೇಲೆ, ಒಣಹಾಕಿದ ಬಿಳಿ ಪಂಚೆಯ ಮೇಲೆ, ರಸ್ತೆಬದಿಯ ಬೇವಿನ ಎಲೆಗಳ ಮೇಲೆ ಅದಿರು ಲಾರಿಗಳ ಧೂಳಾಗಿ ದಿನಾ ಬಂದು ಕೂರುವುದೂ ಅದೇ. ಸಂಡೂರು ಕಡೆ ಬೈಕಿನಲ್ಲಿ ಹೋಗಿ ಬಂದವನ ಕೆನ್ನೆ, ಮೂಗು, ಹುಬ್ಬು, ಎಲ್ಲ ಶಾಸ್ತ್ರಬದ್ಧವಾಗಿಯೇ ಕೆಂಪಾಗಿರುತ್ತವೆ. ಬ್ರಷ್ಷಿನ ಖರ್ಚೂ ಇಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮುಖಕ್ಕೆ ಹಚ್ಚುವ ಐರನ್ ಆಕ್ಸೈಡ್ ಗಣಿಯದ್ದಲ್ಲ, ಕಾರ್ಖಾನೆಯಲ್ಲಿ ತಯಾರಿಸಿದ್ದು. ನೆಲದಿಂದ ಅಗೆದದ್ದರಲ್ಲಿ ಸೀಸ, ಆರ್ಸೆನಿಕ್‌ನಂಥವು ಬೆರೆತಿರಬಹುದು, ಚರ್ಮಕ್ಕೆ ಆಗದು ಎಂದು. ಒಳ್ಳೆಯ ಕಾಳಜಿ. ಕೆನ್ನೆಯ ಮೇಲೆ ಬೆರಳ ತುದಿಯಷ್ಟೂ ಹಚ್ಚಬಾರದ ಆ ಮಣ್ಣನ್ನು ರಸ್ತೆ ಪಕ್ಕದ ಶಾಲೆಯ ಮಕ್ಕಳು ಪುಪ್ಪುಸ ತುಂಬ ಎಳೆದುಕೊಳ್ಳಬಹುದು, ಅದಕ್ಕೆ ಡಬ್ಬಿಯೂ ಇಲ್ಲ, ಹಿಂದೆ ಬರೆದ ಚೀಟಿಯೂ ಇಲ್ಲ. ಲಾರಿಗೆ ಟಾರ್ಪಾಲ್ ಬಿಗಿಯಬೇಕು, ರಸ್ತೆಗೆ ನೀರು ಹೊಡೆಯಬೇಕು. ಇದಕ್ಕೆ ಯಾವ ವಿಜ್ಞಾನ ಬೇಕು? ಗಣಿಯಿಂದ ಬಾಧೆಪಟ್ಟವರಿಗೆಂದೇ ಗಣಿಗಾರಿಕೆಯ ಬಾಧೆಯಿರುವ ಜಿಲ್ಲೆಗಳಲ್ಲಿ ಖನಿಜ ನಿಧಿ ಇಡಬೇಕೆಂದು 2015ರಲ್ಲಿ ಕಾನೂನೇ ಆಯಿತು. ದುಡ್ಡಿಲ್ಲ ಎನ್ನುವ ಹಾಗಿಲ್ಲ. ಕೆಮ್ಮಿ ಕೆಮ್ಮಿ ಸಾಕಾಗಿದೆ, ಹೇಳಿ ಹೇಳಿಯೂ ಸಾಕಾಗಿದೆ.

ಮೈಕಾದ್ದು ಹೇಳದಿದ್ದರೆ ತಪ್ಪಾದೀತು. ಆ ಹೊಳಪು ಅದರದ್ದೇ. ಜಾರ್ಖಂಡದ ಕೊಡರ್ಮಾ, ಗಿರಿಡೀಹ್ ಕಡೆ ಮುಚ್ಚಿದ ಗಣಿಗಳ ಗುಂಡಿಗಿಳಿದು ಅದರ ಚೂರು ಆರಿಸುವವರಲ್ಲಿ ಮಕ್ಕಳೂ ಇದ್ದಾರೆ. ಅಲ್ಲಿಯ ಕೂಸು ಗುಂಡಿಯಲ್ಲಿ, ಇಲ್ಲಿಯ ಕೂಸು ಧೂಳಿನಲ್ಲಿ, ನಡುವೆ ನನ್ನ ಮೂಗು ಮಿಂಚುತ್ತಿದೆ. ಪ್ರಯೋಗಾಲಯದಲ್ಲಿ ಮಾಡಿದ ಸಿಂಥೆಟಿಕ್ ಮೈಕಾ ಹಾಕಿದ ಡಬ್ಬಿಗಳೂ ಸಿಗುತ್ತವೆ. ಚೀಟಿ ಓದಿ ಕೊಳ್ಳಬೇಕು, ಅಷ್ಟೇ.

ಹುಡುಗಿ ಕೈಬಿಟ್ಟು ಕನ್ನಡಿ ಹಿಡಿದಳು. ಸುಳ್ಳು ಹೇಳಬಾರದು, ಚಂದವೇ ಕಾಣುತ್ತಿತ್ತು. ಹೊರಗೆ ಹೋಗಿ ಹಾಲಿನ ಪಾಕೀಟು ತರುವಷ್ಟರಲ್ಲಿ ಎಲ್ಲ ಬೆವರಿನ ಜೊತೆ ಗದ್ದಕ್ಕಿಳಿದಿತ್ತು. ‘ಏನ್ ಮಾಮಾ, ಲಗ್ನಕ್ಕೆ ಹೊಂಟಂಗೈತಿ?’ ಎಂದ ಅಂಗಡಿ ಹುಡುಗ.

ಇಷ್ಟಾದರೂ ಕೊಳ್ಳುತ್ತೇನೆ ಎನ್ನುವವರಿಗೆ: ನಮ್ಮ ಸೆಕೆಗೆ ಎಣ್ಣೆಯಂತಿರುವುದು ಬೇಡ, ಪುಡಿಯದ್ದೇ ವಾಸಿ. ಏಪ್ರಿಲ್, ಮೇ ತಿಂಗಳಲ್ಲಿ ದುಡ್ಡು ದಂಡ. ಸಂಡೂರು ರಸ್ತೆಯಲ್ಲಿ ಮನೆ ಇದ್ದವರು ಯಾವ ತಿಂಗಳಲ್ಲೂ ಕೊಳ್ಳಬೇಡಿ, ನಿಮಗೆ ಮನೆ ಬಾಗಿಲಿಗೇ ಸರಬರಾಜಿದೆ.