ತಡಿಯಂಡಮೋಳಿನ ದಾರಿ ಕೊರಕಲಾಗುತ್ತಿದೆ

ಚಾರಣಕ್ಕೆ ಮುಂಗಡ ಟಿಕೆಟ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದಾಗಿನಿಂದ "ಬೆಟ್ಟ ಯಾರಪ್ಪನ ಆಸ್ತಿ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದಿದ್ದ ಚಿತ್ರಗಳನ್ನು ನೋಡಿದ ಮೇಲೂ ಹೀಗೆ ಕೇಳಲು ಮನಸ್ಸು ಹೇಗೆ ಬರುತ್ತದೋ! ನಾನು ಮಿತಿಯ ಪರ. ಅದನ್ನು ಇನ್ನಷ್ಟು ಬಿಗಿ ಮಾಡಿದರೂ ನನ್ನ ತಕರಾರಿಲ್ಲ. ಕಳೆದ ಡಿಸೆಂಬರಿನಲ್ಲಿ ಕೊಡಗಿನ ತಡಿಯಂಡಮೋಳು ಬೆಟ್ಟ ಹತ್ತಿಬಂದ ಮೇಲಂತೂ ಈ ಮಾತು ಗಟ್ಟಿಯಾಗಿದೆ.

ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಬಳಿಯಿಂದ ಬೆಳಿಗ್ಗೆಯೇ ಹೊರಟೆವು. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಅರಮನೆ ಅದು. ಅಲ್ಲಿಂದ ಕಾಫಿ ತೋಟ ದಾಟಿ, ತೊರೆ ದಾಟಿ, ದೊಡ್ಡ ಬಂಡೆಯವರೆಗಿನ ದಾರಿ ಸಲೀಸು. ಕೊಡಗಿನ ಅತಿ ಎತ್ತರದ ಶಿಖರವಾದರೂ ತಡಿಯಂಡಮೋಳಿನ ಎತ್ತರ 1,748 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಆದ್ದರಿಂದ ಇಲ್ಲಿ ಏದುಸಿರು ಬಂದರೆ ಅದಕ್ಕೆ ಕಾರಣ ಏರು, ತೆಳುವಾದ ಗಾಳಿಯಲ್ಲ. ಆದರೆ ಮಂಜಿನ ವಿಷಯದಲ್ಲಿ ಉಡಾಫೆ ಬೇಡ. ಬಿಸಿಲು ಹೊಳೆಯುತ್ತಿದ್ದ ಬೋಳು ಗುಡ್ಡವನ್ನು ಅದು ನೋಡನೋಡುತ್ತಲೇ ನುಂಗಿಬಿಡುತ್ತದೆ. ನಾಲ್ಕು ಮಾರು ಮುಂದಿರುವ ಮನುಷ್ಯನೂ ಕಾಣುವುದಿಲ್ಲ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಎಂದು ಎಲ್ಲರಿಗೂ ಹೇಳುವುದು ಅದಕ್ಕೇ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬಂಡೆಯಿಂದಾಚೆಗಿನ ಹುಲ್ಲುಗಾವಲಿನ ಬಗ್ಗೆ. ಹುಲ್ಲನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಮಣ್ಣು ಕಾಣುವುದೇ ಇಲ್ಲ, ಬೇರುಗಳ ಹೆಣಿಗೆಯೇ ಕಾಣುತ್ತದೆ. ಮುಂಗಾರಿನ ಮಳೆ ಹೊಡೆತವನ್ನು ಮೊದಲು ತಡೆಯುವುದು ಆ ಹೆಣಿಗೆ. ಗುಡ್ಡದ ಮಡಿಕೆಗಳಲ್ಲಿ, ಗಾಳಿಗೆ ಬೆನ್ನು ಕೊಟ್ಟಂತೆ, ಶೋಲಾ ಕಾಡು ನಿಂತಿರುತ್ತದೆ. ಮರಗಳು ಗಿಡ್ಡ, ಕಾಂಡದ ತುಂಬ ಪಾಚಿ. ಹುಲ್ಲು ಮುಗಿದಲ್ಲೇ ಕಾಡು ಶುರು. ಗೆರೆ ಕೊರೆದ ಹಾಗೆ. ಒಳಗೆ ಕಾಲಿಟ್ಟರೆ ನಡುಹಗಲಲ್ಲೂ ತಂಪು, ತರಗೆಲೆಯಡಿಯ ನೆಲ ಒದ್ದೆ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ಸ್ವಲ್ಪಸ್ವಲ್ಪವೇ ತೊರೆಗಳಿಗೆ ಬಿಡುವುದು ಈ ನೆಲ. ಕಕ್ಕಬ್ಬೆ ಹೊಳೆ ಕಾವೇರಿಗೆ ಸೇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಹೊಳೆಗೆ ಪಂಪ್ ಇಟ್ಟು ಕಾಫಿಗೆ ನೀರು ಹಾಯಿಸುವ ಬೆಳೆಗಾರನಿಂದ ಹಿಡಿದು ಮಂಡ್ಯದ ಗದ್ದೆ, ಬೆಂಗಳೂರಿನ ನಲ್ಲಿಯವರೆಗೆ ಇಂಥ ಬೆಟ್ಟಗಳ ಹಂಗಿಲ್ಲದವರು ಯಾರಿದ್ದಾರೆ?

ಈ ಹುಲ್ಲಿನ ನಡುವೆಯೇ ದಾರಿ ಕೊರಕಲಾಗಿದೆ. ಕೆಲವು ಕಡೆ ನಿಂತರೆ ಮೊಣಕಾಲು ಮುಳುಗುವಷ್ಟು ಆಳ. ಅಂಚಿನಲ್ಲಿ ಹುಲ್ಲಿನ ಬೇರುಗಳು ಗಾಳಿಯಲ್ಲಿ ನೇತಾಡುತ್ತಿವೆ. ಕೊರಕಲಿನಲ್ಲಿ ನಡೆಯುವುದು ಕಷ್ಟವೆಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲಿ ಇನ್ನೊಂದು ದಾರಿ ಬೀಳುತ್ತದೆ; ಮಳೆ ಬಂದಾಗ ಅದೂ ಕೊರಕಲು. ಒಂದು ತಿರುವಿನಲ್ಲಿ ಇಂಥ ನಾಲ್ಕು ಸೀಳುಗಳು ಅಕ್ಕಪಕ್ಕದಲ್ಲೇ ಇದ್ದವು, ನಡುವೆ ಉಳಿದಿದ್ದ ಹುಲ್ಲು ಒಂದು ಚಾಪೆಯಷ್ಟೂ ಅಗಲವಿರಲಿಲ್ಲ. ನಾವು ನೋಡುತ್ತಿದ್ದಂತೆಯೇ ಯುವಕರ ಗುಂಪೊಂದು ತಿರುವನ್ನು ಬಿಟ್ಟು ನೇರ ಇಳಿಜಾರಿನಲ್ಲಿ ಜಾರುತ್ತಾ ಬಂತು. ಅವರು ಕೆಟ್ಟವರೇನಲ್ಲ, ದಾರಿಯಲ್ಲಿ ಬಿದ್ದಿದ್ದ ಬಾಟಲಿಗಳನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಂಡಿದ್ದರು. ಪ್ಲಾಸ್ಟಿಕ್ ಬಗ್ಗೆ ನಾವು ಇಷ್ಟು ಮಾತಾಡಿದ್ದರ ಫಲ ಅದು, ಸಂತೋಷ. ಹುಲ್ಲಿನ ಬಗ್ಗೆ ಅವರಿಗೆ ಯಾರೂ ಹೇಳಿಲ್ಲ.

ಗುಡ್ಡಗಳು ಕುಸಿದ 2018ರ ಆಗಸ್ಟ್ ತಿಂಗಳನ್ನು ಕಂಡ ನಾಡು ನಮ್ಮದು. ಕಾಲುದಾರಿಗಳಿಂದಲೇ ಗುಡ್ಡ ಕುಸಿಯಿತು ಎಂದು ನಾನು ಹೇಳುತ್ತಿಲ್ಲ, ಅದರ ಕಾರಣಗಳು ಬೇರೆ, ದೊಡ್ಡವು. ಆದರೆ ಇಳಿಜಾರಿನ ಮಣ್ಣನ್ನು ಹಗುರವಾಗಿ ಕಾಣುವ ಹಕ್ಕನ್ನು ನಾವಂತೂ ಕಳೆದುಕೊಂಡಿದ್ದೇವೆ.

ಕೊನೆಯ ಏರು ಶೋಲಾದೊಳಗಿನಿಂದ, ಬೇರು ಹಿಡಿದು ಹತ್ತುವಷ್ಟು ಕಡಿದು. ತುದಿಯಲ್ಲಿ ನಿಂತರೆ ಒಂದು ಕಡೆ ಕೊಡಗು, ಇನ್ನೊಂದು ಕಡೆ ಕೇರಳದತ್ತ ಇಳಿಯುವ ಬೆಟ್ಟಸಾಲು. ನನಗೆ ಬೆಟ್ಟ ಹತ್ತುವುದೆಂದರೆ ಪ್ರಾಣ. ಬೇರೆಯವರಿಗೆ ಈ ಸುಖ ಬೇಡ ಎನ್ನುವಷ್ಟು ಸಣ್ಣ ಮನಸ್ಸು ನನ್ನದಲ್ಲ.

ನಾನು ಕೇಳುವುದು ಇಷ್ಟು. ಟಿಕೆಟ್ ಹಣದಲ್ಲಿ ಒಂದು ಪಾಲು ಆ ದಾರಿಯ ದುರಸ್ತಿಗೇ ಹೋಗಲಿ. ಕೊರಕಲಿಗೆ ಅಡ್ಡಲಾಗಿ ಕಲ್ಲು ಜೋಡಿಸಿ ನೀರಿನ ಓಟವನ್ನು ಮುರಿಯುವುದು ತೋಟದಲ್ಲಿ ದುಡಿಯುವವರಿಗೆ ಗೊತ್ತಿರುವ ಕೆಲಸ, ಅದಕ್ಕೆ ಊರಿನವರನ್ನೇ ಹಚ್ಚಲಿ. ಸವೆದ ದಾರಿಗೆ ಒಂದೆರಡು ಮಳೆಗಾಲ ಪೂರ್ತಿ ಬಿಡುವು ಸಿಗಲಿ. ಮಾರ್ಗದರ್ಶಿಗಳು ಹೊರಡುವ ಮೊದಲೇ ಹೇಳಲಿ: ಇರುವ ದಾರಿಯಲ್ಲೇ ಸಾಲಾಗಿ ನಡೆಯಬೇಕು, ಕೆಸರಾದರೂ ಸರಿ, ಶೂ ಕೊಳೆಯಾದರೂ ಸರಿ.